30 ಲಕ್ಷದ ಕಕ್ಕಸುಮನೆ

ತುಮಕೂರಿನಲ್ಲಿ ಸೈಟು ಮಾರಿದ ದುಡ್ಡು ಮನುಷ್ಯನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ವಸಂತನರಸಾಪುರದ ಕಡೆ ಇದ್ದ ಒಂದು ತುಂಡು ಜಮೀನು ಕೈಬಿಟ್ಟಾಗಿನಿಂದ ನಮ್ಮ ಷಡ್ಡಕರು ಕ್ಯಾರಾವಾನ್, ಅಂದರೆ ಮಂಚ, ಒಲೆ, ಬಚ್ಚಲೆಲ್ಲ ಒಳಗೇ ಇರುವ ಗಾಡಿ, ಕೊಳ್ಳುವುದೋ ಬಿಡುವುದೋ ಎಂಬ ಚಿಂತೆಗೆ ಬಿದ್ದಿದ್ದಾರೆ. ಒಬ್ಬರೇ ಚಿಂತೆ ಮಾಡುವ ಪೈಕಿ ಅವರಲ್ಲವಾದ್ದರಿಂದ ಇಡೀ ಬಳಗವೂ ಬಿದ್ದಿದೆ. ರಾತ್ರಿ ಹತ್ತೂವರೆಗೆ ಫ್ಯಾಮಿಲಿ ಗ್ರೂಪಿಗೆ ವಿಡಿಯೊ ಬರುತ್ತದೆ. ಹಿಮದ ಬೆಟ್ಟ, ಅದರ ಬುಡಕ್ಕೊಂದು ಸರೋವರ, ದಡದಲ್ಲಿ ಗಾಡಿ, ಗಾಡಿ ಮುಂದೆ ಮಡಚುವ ಕುರ್ಚಿ, ಅದರ ಮೇಲೆ ಕಾಫಿ ಹಿಡಿದ ಬಿಳಿಯ ದಂಪತಿ. ಕೆಳಗೆ ಷಡ್ಡಕರ ಷರಾ: ‘ಮೈದಾಳ ಕೆರೆ ಏರಿ ಮೇಲೆ ಹಿಂಗೇ ನಿಲ್ಲಿಸ್ಬೋದು.’

ನಿಲ್ಲಿಸಬಹುದು, ಐದು ನಿಮಿಷ. ಅಷ್ಟರಲ್ಲಿ ಬೈಕಿನವನೊಬ್ಬ ಬಂದು, ಎಂಜಿನ್ ಆಫ್ ಮಾಡದೆ, ‘ಯಾವೂರು ಸ್ವಾಮಿ, ಸರ್ವೆಗೆ ಬಂದ್ರಾ?’ ಎನ್ನುತ್ತಾನೆ. ಇನ್ನೊಂದಷ್ಟು ಹೊತ್ತಿಗೆ ಇಬ್ಬರು ಅಜ್ಜಿಯರು ಆಧಾರ್ ಕಾರ್ಡು ಹಿಡಿದು ಬಾಗಿಲ ಮುಂದೆ ನಿಂತಿರುತ್ತಾರೆ. ಅವರ ತಪ್ಪೇನಿಲ್ಲ. ಊರ ಹೊರಗೆ ದೊಡ್ಡ ಬಿಳಿ ಗಾಡಿ ಬಂದು ನಿಂತಿತೆಂದರೆ ನಮ್ಮ ಕಡೆ ಕಣ್ಣಿನ ಕ್ಯಾಂಪು, ರಕ್ತದಾನ, ಇಲ್ಲವೇ ಚುನಾವಣೆ. ಮೂರರಲ್ಲಿ ಎರಡಕ್ಕೆ ಬಿಸ್ಕತ್ತು ಸಿಗುತ್ತದೆ. ಹುಡುಗರಿಗಾದರೆ ಕ್ಯಾರಾವಾನ್ ಗೊತ್ತು. ಶೂಟಿಂಗಿನಲ್ಲಿ ಹೀರೊಯಿನ್ ಇಳಿಯುವ ಗಾಡಿ ಅದು. ಪರದೆ ಸರಿಸಿ ಲುಂಗಿಯುಟ್ಟ ನಮ್ಮ ಷಡ್ಡಕರು ಇಳಿದರೆ ಊರಿಗೂರೇ ಅನುಭವಿಸುವ ನಿರಾಸೆಗೆ ಹೊಣೆ ಯಾರು?

ಷಡ್ಡಕರ ಧೈರ್ಯಕ್ಕೆ ಮೂಲ ಸರ್ಕಾರ. ಕ್ಯಾರಾವಾನ್‌ಗೂ ಅದನ್ನು ನಿಲ್ಲಿಸುವ ಕ್ಯಾಂಪಿಂಗ್ ಪಾರ್ಕುಗಳಿಗೂ ಕೇಂದ್ರ ಸರ್ಕಾರ ಎಂದೋ ಒಂದು ನೀತಿ ಮಾಡಿಟ್ಟಿದೆ. ಕೇರಳದವರು 2021ರಲ್ಲಿ ತಮ್ಮದೇ ನೀತಿ ಹೊರಡಿಸಿ, ಗಾಡಿಗೆ ‘ಕೇರವಾನ್’ ಎಂದು ನಾಮಕರಣವನ್ನೂ ಮುಗಿಸಿದರು. ನಾವೇನು ಕಡಿಮೆ? ನಮ್ಮ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕೃಷಿ ಪ್ರವಾಸ, ಸಿನಿಮಾ ಪ್ರವಾಸಗಳ ನಡುವೆ ಕ್ಯಾರಾವಾನ್‌ಗೆ ಜಾಗ ಕೊಟ್ಟಿದ್ದೇವೆ. ಕಾಗದದ ಮೇಲೆ ಪಾರ್ಕಿಂಗ್ ಸಿಕ್ಕಿದೆ. ನೆಲದ ಮೇಲೆ ಹುಡುಕುವ ಕೆಲಸವನ್ನು ಕೊಂಡವನ ಉತ್ಸಾಹಕ್ಕೆ ಬಿಟ್ಟಿದ್ದಾರೆ. ಎಲ್ಲವನ್ನೂ ಸರ್ಕಾರವೇ ಮಾಡಬೇಕೆಂದರೆ ಪ್ರಜೆಗಳಿಗೆ ಹೊತ್ತು ಹೋಗುವುದು ಹೇಗೆ?

ಲೆಕ್ಕ ಹಾಕಿದ್ದು ನನ್ನ ನಾದಿನಿ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ಗಂಡನ ಕನಸುಗಳನ್ನು ವರ್ಷಕ್ಕೆ ಇಷ್ಟು ಪರ್ಸೆಂಟ್ ಎಂದು ನೋಡುವ ಅಭ್ಯಾಸ. ಗಾಡಿ, ಒಳಗಿನ ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲಾ ಸೇರಿ 30 ಲಕ್ಷ ಅಂತಿಟ್ಟುಕೊಳ್ಳಿ ಎಂದಳು. ಅದನ್ನು ನೂರಕ್ಕೆ 7ರಂತೆ ಡಿಪಾಜಿಟ್ ಇಟ್ಟರೆ ವರ್ಷಕ್ಕೆ 2 ಲಕ್ಷದ 10 ಸಾವಿರ ಬಡ್ಡಿ. ದಿನಕ್ಕೆ 3,000 ಬಾಡಿಗೆಯ ಒಳ್ಳೆಯ ರೂಮಿನಲ್ಲಿ, ಬಿಸಿನೀರು ಬರುವ ಬಚ್ಚಲಿನಲ್ಲಿ, ಬಡ್ಡಿ ದುಡ್ಡಲ್ಲೇ 70 ರಾತ್ರಿ ಮಲಗಬಹುದು, ಅಸಲು ಅಲುಗುವುದಿಲ್ಲ. ‘70 ರಾತ್ರಿ ನಿಮಗೆ ಬಿಡುವೆಲ್ಲಿದೆ, ಅದನ್ನ ಹೇಳಿ.’

ಷಡ್ಡಕರು ಕ್ಯಾಲೆಂಡರ್ ಇಳಿಸಿದರು. ದಸರಾ ರಜೆಯಲ್ಲಿ ಗುಬ್ಬಿಯಲ್ಲಿ ನಿಶ್ಚಿತಾರ್ಥ. ಬೇಸಿಗೆಯಲ್ಲಿ ತಿಪಟೂರಿನ ಗೃಹಪ್ರವೇಶ, ಕುಣಿಗಲ್‌ನಲ್ಲಿ ಎರಡು ಮದುವೆ, ಒಂದು ತೊಟ್ಟಿಲು ಶಾಸ್ತ್ರ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ. ನಡುವೆ ಯಾರಾದರೂ ಹೇಳದೆ ಕೇಳದೆ ತೀರಿಕೊಂಡರೆ ಹನ್ನೊಂದು ದಿನ. ನಮ್ಮ ಕಡೆಯ ಸಂಸಾರಸ್ಥರು ಪ್ರವಾಸ ಹೋಗುವುದೇ ಇನ್ನೊಬ್ಬರ ಮದುವೆಗೆ. ಹಾಗಾಗಿ ಕ್ಯಾರಾವಾನ್ ಬಂದ ಮೊದಲ ವರ್ಷ ಎಲ್ಲಿಗೆ ಹೋಗುತ್ತದೆಂದು ನಾನು ಈಗಲೇ ಹೇಳಬಲ್ಲೆ: ಛತ್ರದಿಂದ ಛತ್ರಕ್ಕೆ, ಒಳಗೆ ಹದಿನಾಲ್ಕು ಜನ ನೆಂಟರು, ಡಬಲ್ ಬೆಡ್ಡಿನ ಮೇಲೆ ಬೀಗರ ಕಡೆಯ ಬಾಳೆಗೊನೆ, ಫ್ರಿಜ್ಜಿನಲ್ಲಿ ಮಲ್ಲಿಗೆ ಹೂವು. ಫ್ರಿಜ್ಜಾದರೂ ಸಾರ್ಥಕವಾಗುತ್ತದೆ.

ರಸ್ತೆಯ ವಿಷಯಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ರಸ್ತೆ ಉಬ್ಬು ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ಬರೆದಿಟ್ಟಿದ್ದಾರೆ. ನಮ್ಮೂರ ಉಬ್ಬುಗಳನ್ನು ಹಾಕುವವರು ಬೇರೆ ಕಾಂಗ್ರೆಸ್ಸು, ಬೇರೆ ಜನತಾದಳ, ಬೇರೆ ಬಿಜೆಪಿಯವರು. ಅವರ ಅಳತೆ ಬೇರೆ. ಒಂದೊಂದು ಹಂಪಿಗೂ ಗಾಡಿಯೊಳಗಿನ ಸಾರಿನ ಪಾತ್ರೆ ಮಂಚಕ್ಕೂ, ಅವಲಕ್ಕಿ ಡಬ್ಬಿ ಬಚ್ಚಲಿಗೂ ವರ್ಗವಾಗುತ್ತಿರುತ್ತವೆ.

ಕ್ಯಾರಾವಾನ್ ನಿಜವಾಗಿ ಹೊಳೆಯುವುದು ನಂದಿ ಬೆಟ್ಟದ ದಾರಿಯಲ್ಲಿ. ಭಾನುವಾರ ಬೆಳಗಿನ ಜಾವ 1,478 ಮೀಟರ್ ಎತ್ತರದಲ್ಲಿ ಸೂರ್ಯೋದಯ ನೋಡುತ್ತೇವೆಂದು ಹೊರಟ ಬೆಂಗಳೂರಿನ ಮಹಾಜನತೆ, ಮುಂದಿನ ಕಾರಿನ ಕೆಂಪು ದೀಪಗಳನ್ನೇ ಸೂರ್ಯನೆಂದು ಕೈಮುಗಿದು ವಾಪಸಾಗುವ ಜಾಗ ಅದು. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ಬಂದ ಮೇಲೆ ವಾರಾಂತ್ಯದ ಹೆದ್ದಾರಿಗೆ ಇನ್ನಷ್ಟು ಧ್ಯಾನಸ್ಥಿತಿ ಪ್ರಾಪ್ತವಾಗಿದೆ. ಅಂಥ ಸಾಲಿನಲ್ಲಿ ಕಾರಿನವನು ಹಾರನ್ ಒತ್ತುತ್ತಾನೆ. ಕ್ಯಾರಾವಾನಿನವನು ಒಲೆ ಹಚ್ಚುತ್ತಾನೆ. ಉಪ್ಪಿಟ್ಟು ತಿಂದು ಒಂದು ನಿದ್ದೆ ತೆಗೆದು ಎದ್ದರೂ ಗಾಡಿ ದೇವನಹಳ್ಳಿಯಲ್ಲೇ ಇರುತ್ತದೆ. ಪ್ರವಾಸಿ ತಾಣಕ್ಕೆ ಹೋಗಲೇಬೇಕಿಲ್ಲ, ಟ್ರಾಫಿಕ್ಕೇ ತಾಣ. ಈ ದೃಷ್ಟಿಯಿಂದ 30 ಲಕ್ಷ ಸೋವಿ.

ಕರೆಂಟಿಗೂ ಷಡ್ಡಕರ ಬಳಿ ಉತ್ತರವಿದೆ. ಪಾವಗಡದಲ್ಲಿ ಸುಮಾರು 13,000 ಎಕರೆಗೆ ಸೋಲಾರ್ ಹಾಸಿ 2,050 ಮೆಗಾವಾಟ್ ತೆಗೆಯುತ್ತಿಲ್ಲವೇ, ಗಾಡಿ ನೆತ್ತಿಗೆ ಎರಡು ಹಲಗೆ ಹಾಕಿದರಾಯಿತು. ಏಪ್ರಿಲ್ ತಿಂಗಳ ಪಾವಗಡದಲ್ಲಿ ತಗಡಿನ ಗಾಡಿಯೊಳಗೆ ಒಂದು ಮಧ್ಯಾಹ್ನ ಕೂತು ಈ ಮಾತನ್ನು ಇನ್ನೊಮ್ಮೆ ಹೇಳಲಿ ಅಂತ ನಾದಿನಿ ಕೇಳಿಕೊಂಡಿದ್ದಾಳೆ.

ಉತ್ತರವಿಲ್ಲದ್ದು ನೀರಿಗೆ. ದೇವರಾಯನದುರ್ಗದ ಬುಡದಲ್ಲಿ ನಾಮದ ಚಿಲುಮೆ ಇದೆಯಲ್ಲ, ವನವಾಸದಲ್ಲಿದ್ದ ಶ್ರೀರಾಮ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಹೊಡೆದ ಜಾಗ. ಸಾಕ್ಷಾತ್ ದೇವರೇ ಈ ಸೀಮೆಯಲ್ಲಿ ಟೂರು ಬಂದಾಗ ಎದುರಿಸಿದ ಮೊದಲ ಸಮಸ್ಯೆ ನೀರು. ಅವನ ಬಳಿ ಬಾಣ ಇತ್ತು. ಷಡ್ಡಕರ ಬಳಿ ನೂರು ಲೀಟರಿನ ಟ್ಯಾಂಕು ಇರುತ್ತದೆ, ಅದನ್ನು ತುಂಬಿಸಲು ಯಾರದೋ ತೋಟದ ಬೋರ್‌ವೆಲ್ ಮುಂದೆ ಕೈಕಟ್ಟಿ ನಿಲ್ಲಬೇಕು. ಇನ್ನು ಸಾವಿರದೈನೂರು ಅಡಿ ಕೊರೆದರೂ ಧೂಳು ಹಾರುವ ಕೋಲಾರದ ಕಡೆ ಹೋಗಿ, ‘ಅಣ್ಣ, ಟೂರಿಗೆ ಬಂದಿದೀವಿ, ಸ್ನಾನಕ್ಕೆ ಒಂದು ಟ್ಯಾಂಕು ನೀರು’ ಅಂತ ಕೇಳುವ ದೃಶ್ಯವನ್ನು ನಾನು ದೂರದಿಂದ ನೋಡಲು ಇಷ್ಟಪಡುತ್ತೇನೆ.

ಕೋಲಾರದ ಮಾತು ಬಂತು. ಕ್ಯಾರಾವಾನಿಗೆ ಎರಡು ಟ್ಯಾಂಕು ಇರುತ್ತವೆ, ಒಂದು ಒಳ್ಳೆಯ ನೀರಿಗೆ, ಇನ್ನೊಂದು ಕಕ್ಕಸಿಗೆ. ಎರಡನೆಯದನ್ನು ಎಲ್ಲಿ ಖಾಲಿ ಮಾಡುವುದು ಎಂಬ ಪ್ರಶ್ನೆ ಬಂದಾಗ ನನಗೆ ಹೊಳೆದದ್ದು ಬೆಂಗಳೂರು. ದೇಶದ ಅತಿದೊಡ್ಡ ಕ್ಯಾರಾವಾನ್ ಅದೇ. ಕಾವೇರಿ ತರಿಸಿ ಕುಡಿಯುತ್ತದೆ, ಹಿಂದಿನ ಟ್ಯಾಂಕನ್ನು ಪಕ್ಕದ ಜಿಲ್ಲೆಗೆ ತಿರುಗಿಸುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯ ನೀರು 2018ರಲ್ಲಿ ಬಂತು. ಬಂದ ಕೆಲವೇ ವಾರದಲ್ಲಿ ನೊರೆಯೂ ಬಂತು, ಹೈಕೋರ್ಟಿನ ತಡೆಯೂ ಬಂತು, ಆಮೇಲೆ ನೀರು ಮತ್ತೆ ಹರಿಯಿತು. ಬತ್ತಿದ್ದ ಕೆರೆ ತುಂಬಿದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಅಲ್ಲಿನ ರೈತರು ಕೇಳುತ್ತಾ ಬಂದಿರುವುದೂ ಅಷ್ಟೇ ನಿಜ. ಮಹಾನಗರವೇ ಹೀಗೆ ಮಾಡುವಾಗ ಒಬ್ಬ ಬಡ ಷಡ್ಡಕ ಒಂದು ಸಣ್ಣ ಟ್ಯಾಂಕನ್ನು ಯಾವುದೋ ಮೋರಿಗೆ ಬಗ್ಗಿಸಿದರೆ ಯಾವ ಮಹಾ ಪಾಪ?

ಇದನ್ನು ತಮಾಷೆಗೆ ಅವರಿಗೂ ಹೇಳಿದೆ. ಅವರು ನಗಲಿಲ್ಲ. ಆ ಟ್ಯಾಂಕು ಪೆಟ್ಟಿಗೆಯ ಹಾಗೆ ಈಚೆಗೆ ಬರುತ್ತಂತೆ, ಎತ್ತಿಕೊಂಡು ಹೋಗಿ ಸುರಿದು ತೊಳೆದು ಮತ್ತೆ ತೂರಿಸಬೇಕಂತೆ. ವಿಡಿಯೊದ ಬಿಳಿಯರು ತಾವೇ ಮಾಡುತ್ತಾರೆ. ‘ನೀವು ಎತ್ತುತ್ತೀರಾ?’ ಅಂದೆ. ‘ಅಯ್ಯೋ, ಎಲ್ಲಿಗೆ ಹೋದ್ರೂ ಯಾರಾದ್ರೂ ಸಿಗ್ತಾರೆ ಬಿಡಿ, ನೂರಿನ್ನೂರು ಕೊಟ್ರಾಯ್ತು.’

ಯಾರಾದ್ರೂ ಸಿಗ್ತಾರೆ. ಯಾರು ಸಿಗುತ್ತಾರೆ, ಯಾವ ಕೇರಿಯಿಂದ ಸಿಗುತ್ತಾರೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ; ಇಬ್ಬರಿಗೂ ಗೊತ್ತಿತ್ತು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿದರು. ಆಮೇಲೆ 1993ರಲ್ಲಿ ದೇಶಕ್ಕೊಂದು ಕಾಯ್ದೆ, ಅದು ಸಾಲದೆ 2013ರಲ್ಲಿ ಇನ್ನೊಂದು. ಇದೇ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ಮಲ ಹೊರುವವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ಬುಟ್ಟಿಯನ್ನು ಇಳಿಸುವುದಕ್ಕೆಂದೇ ಬದುಕು ಸವೆಸಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವೆಲ್ಲ ‘ನಮ್ಮ ಕನ್ನಡಿಗ’ ಎಂದು ಸ್ಟೇಟಸ್ ಹಾಕಿದೆವು. ಈಗ ಅದೇ ಬುಟ್ಟಿಗೆ ಚಕ್ರ, ಏಸಿ ಎಲ್ಲಾ ಜೋಡಿಸಿ, ರಜೆ ಕಳೆಯಲು ತಳ್ಳಿಕೊಂಡು ಹೊರಟಿದ್ದೇವೆ. ಹೊರುವವನು ಸಿಗುತ್ತಾನೆ, ಬಿಡಿ.

ಬೇಜಾರಿನ ವಿಷಯವೆಂದರೆ ಷಡ್ಡಕರ ಆಸೆಯ ಬುಡದಲ್ಲಿರುವ ಕಾರಣ ನ್ಯಾಯವಾದದ್ದೇ. ಅವರ ತಾಯಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಇಳಿಯಬೇಕು. ಇಳಿಯುವುದೆಲ್ಲಿ? ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ, ಬೀಗದ ಕೈ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಊಟಕ್ಕೆ. ಬಸ್ ಸ್ಟ್ಯಾಂಡಿನದಕ್ಕೆ ಬಾಗಿಲಿದ್ದರೆ ಚಿಲಕ ಇಲ್ಲ, ಚಿಲಕ ಇದ್ದರೆ ನೀರಿಲ್ಲ. ಬೆಟ್ಟದ ಮೇಲೆ ಸೆಲ್ಫಿ ಪಾಯಿಂಟಿಗೆ ಟೆಂಡರ್ ಆಗಿರುತ್ತದೆ. ಪ್ರವಾಸ ಹೊರಟ ದಿನ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುವ ಹೆಂಗಸರು ಪ್ರತಿ ಮನೆಯಲ್ಲೂ ಇದ್ದಾರೆ, ನಮ್ಮ ಮನೆಯಲ್ಲೂ. ಕರೆಂಟು ಕೊಡಲಿಲ್ಲ, ಯುಪಿಎಸ್ ಕೊಂಡೆವು. ನೀರಲ್ಲಿ ಫ್ಲೋರೈಡು, ಫಿಲ್ಟರ್ ಕೊಂಡೆವು. ಈಗ ಒಂದು ಶುಚಿಯಾದ ಕಕ್ಕಸಿಗಾಗಿ 30 ಲಕ್ಷದ ಗಾಡಿ ಕೊಳ್ಳಿ ಅಂತ ನೀತಿಯಲ್ಲಿ ಬರೆದು ಪ್ರೋತ್ಸಾಹಿಸುತ್ತಾರೆ. ಸೈಟು ಮಾರಿದವನಿಗೆ ಸಿಕ್ಕೀತು. ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಹೋಗುವವಳು ಏನು ಮಾರಬೇಕು?

ಸದ್ಯದ ಸ್ಥಿತಿ ಹೀಗಿದೆ. ಕೊಂಡು, ಬಿಡುವಿದ್ದಾಗ ಬಾಡಿಗೆಗೆ ಬಿಟ್ಟು ಅಸಲು ಎತ್ತಬಹುದೆಂದು ಷಡ್ಡಕರು ವಿಚಾರಣೆ ಶುರುಮಾಡಿದ್ದಾರೆ. ಪ್ರೀ-ವೆಡ್ಡಿಂಗ್ ಶೂಟಿನ ಹುಡುಗರು ಒಂದು ಗಂಟೆಗೆ ಎಷ್ಟು ಎಂದು ಕೇಳಿದ್ದಾರೆ, ಓಡಿಸುವುದು ಬೇಡವಂತೆ, ಮುಂದೆ ನಿಂತರೆ ಸಾಕಂತೆ. ಪಂಚಾಯ್ತಿ ಎಲೆಕ್ಷನ್ನಿಗೆ ಕಣ್ಣಿಟ್ಟ ಒಬ್ಬರು ಸಾಲಕ್ಕೆ ಕೇಳಿದ್ದಾರೆ. ಖಚಿತವಾಗಿ ಮಾತಾಡಿರುವುದು ಕೋಲಾರದ ಟೊಮೇಟೊ ಮಂಡಿಯವರೊಬ್ಬರೇ. 2023ರಲ್ಲಿ 15 ಕೆ.ಜಿ. ಬಾಕ್ಸು 2,000 ದಾಟಿದಾಗ ಹೊಲದಲ್ಲಿ ರಾತ್ರಿ ಕಾವಲು ಕೂತು ಬಂದ ಅನುಭವಸ್ಥರು. ಏಸಿ ಇದೆಯೆಂದು ತಿಳಿದು ಸಂತೋಷಪಟ್ಟರಂತೆ. ಮಂಚ ಬಿಚ್ಚಿ ತೆಗೆದರೆ ಎಷ್ಟು ಕ್ರೇಟು ಹಿಡಿಯುತ್ತೆ, ಅದೊಂದು ಅಳತೆ ಕಳಿಸಿ ಅಂದಿದ್ದಾರೆ.