ಅರ್ಧ ಲೀಟರಿನ ಋಣ

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ಏಳೂವರೆಗೆ ಬಾಯಿಗೆ ಹೋದ ಪೆಟ್ರೋಲು ಇನ್ನೂ ತೇಗಿನಲ್ಲಿ ಬರುತ್ತಿದೆ. ಮೂರು ಸಲ ಹಲ್ಲುಜ್ಜಿದ್ದೇನೆ, ಏಲಕ್ಕಿ ಅಗಿದಿದ್ದೇನೆ, ಮಿಡಿ ಉಪ್ಪಿನಕಾಯಿಯನ್ನೂ ಚೀಪಿದ್ದೇನೆ. ಮಿಡಿಯೂ ಬಂಕಿನಲ್ಲೇ ಬಿಟ್ಟ ಬೆಳೆಯಂತೆ ನಾರುತ್ತಿದೆ. ದೇವರ ದೀಪ ಹಚ್ಚಲು ಹೋದರೆ ಹೆಂಡತಿ ಬೆಂಕಿಪೊಟ್ಟಣ ಕಸಿದುಕೊಂಡು, "ಇವತ್ತೊಂದು ದಿನ ದೇವರಿಗೆ ದೂರದಿಂದಲೇ ಕೈಮುಗಿಯಿರಿ" ಎಂದು ವರಾಂಡ ತೋರಿಸಿದಳು.

ಇದಕ್ಕೆಲ್ಲ ಕಾರಣ ಎದುರು ಮನೆಯ ರಾಯರು.

ರಾಯರು ಬಂಕಿಗೆ ಹೋಗುವುದು ಗ್ರಹಣದಷ್ಟೇ ಅಪರೂಪ. ಬೈಕಿನ ಮುಳ್ಳು ಕೆಂಪು ಗೆರೆ ಮುಟ್ಟಿದರೂ "ಇನ್ನೂ ಮೂವತ್ತು ಕಿಲೋಮೀಟರ್ ಓಡುತ್ತದೆ" ಎನ್ನುತ್ತಾರೆ. ಓಡುವುದು ನಿಂತ ದಿನ ನಮ್ಮ ಗೇಟಿನ ಚಿಲಕ ಸದ್ದಾಗುತ್ತದೆ. ಕೈಯಲ್ಲಿ ನೀರಿನ ಖಾಲಿ ಬಾಟಲಿ, ಮುಖದಲ್ಲಿ ಭಿಕ್ಷಾಂದೇಹಿಯ ಲವಲೇಶವೂ ಇಲ್ಲ. "ಅರ್ಧ ಲೀಟರ್ ಸಾಕು ಸ್ವಾಮಿ. ಬಂಕಿನವರು ಬಾಟಲಿಗೆ ಹಾಕುವುದಿಲ್ಲವಲ್ಲ."

ನನ್ನ ಬೈಕು ಹದಿನೈದು ವರ್ಷದ್ದು, ಕಾರ್ಬ್ಯುರೇಟರಿನದು. ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್ ಎಂಬ ಪುಟ್ಟ ನಲ್ಲಿ ಇದೆ. ಅದರ ಪೈಪು ಕಿತ್ತು ಬಾಟಲಿಗೆ ಹಿಡಿದು ಕಾಕ್ ತಿರುಗಿಸಿದರೆ ಹಾಲು ಕರೆದಂತೆ ಇಳಿಯುತ್ತದೆ. ರಾಯರದು ಹೊಸದು. 2020ರ ಏಪ್ರಿಲ್ 1ರಂದು ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲಿನ ಬಹುತೇಕ ಬೈಕುಗಳಂತೆ ಅದಕ್ಕೆ ಕಾಕ್ ಇಲ್ಲ, ಪಂಪು ಟ್ಯಾಂಕಿನ ಒಳಗೇ ಕುಳಿತಿದೆ. ಹಾಗಾಗಿ ಎರಡು ವರ್ಷದಿಂದ ನಮ್ಮ ಬೀದಿಯ ವ್ಯವಸ್ಥೆ ಹೀಗೆ: ನನ್ನದು ಕರೆಯುವ ಹಸು, ಅವರದು ಕುಡಿಯುವ ಕರು. ಈಚೆಗೆ ಅವರು ನನ್ನನ್ನು ಕೂಗುವುದನ್ನೂ ಬಿಟ್ಟಿದ್ದಾರೆ. ತಾವೇ ಕೂತು ಕರೆದುಕೊಂಡು ಹೋಗುತ್ತಾರೆ. ಹೋಗುವಾಗ ಕಾಕನ್ನು ರಿಸರ್ವ್‌ನಲ್ಲೇ, ಅಂದರೆ ಆಪತ್ತಿಗೆಂದು ತಳದಲ್ಲಿ ಉಳಿಯಬೇಕಾದ ಪೆಟ್ರೋಲೂ ಮುಗಿಯುವಂತೆ, ಬಿಟ್ಟಿರುತ್ತಾರೆ ಎಂಬುದು ನನಗೆ ತಿಳಿದದ್ದು ಇವತ್ತು, ಬೈಕು ಮನೆಯ ಮುಂದೆಯೇ ನಾಲ್ಕು ಸಲ ಕೆಮ್ಮಿ ಸುಮ್ಮನಾದಾಗ.

ನಿನ್ನೆ ತಾನೇ ರಾಯರು ಐನೂರು ರೂಪಾಯಿಯ ಪೆಟ್ರೋಲು ಹಾಕಿಸಿ ಅದನ್ನು ಬೀದಿಗೆಲ್ಲ ಸಾರಿದ್ದರು. ನಾನು ಬಾಟಲಿ ಹಿಡಿದು ಹೋದೆ. "ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಕಾಕ್ ಇಲ್ಲವಲ್ಲ" ಎಂದು ಗಲ್ಲ ತುರಿಸಿಕೊಂಡು ಒಳಗಿನಿಂದ ಒಂದು ಪಾರದರ್ಶಕ ಪೈಪು ತಂದರು. ಮನೆ ಕಟ್ಟಿಸುವಾಗ ಮೇಸ್ತ್ರಿ ನೀರು ತುಂಬಿ ಮಟ್ಟ ನೋಡುತ್ತಿದ್ದ, ಮರೆತುಹೋದ ಲೆವೆಲ್ ಪೈಪು. ಯಾರು ಎಳೆಯಬೇಕು ಎಂಬ ಪ್ರಶ್ನೆ ಏಳುವ ಮೊದಲೇ, "ನನ್ನದು ಕಟ್ಟಿಸಿದ ಹಲ್ಲು" ಎಂದರು. ನನ್ನ ಹಲ್ಲು ಸ್ವಂತದ್ದಾಗಿದ್ದೇ ತಪ್ಪಾಯಿತು.

ಮೊದಲ ಸಲ ಎಳೆದಾಗ ಬಂದದ್ದು ಬರೀ ಗಾಳಿ. ಪೈಪಿನ ತುದಿ ಪೆಟ್ರೋಲಿಗೆ ಮುಟ್ಟಿಯೇ ಇರಲಿಲ್ಲ. ಎರಡನೆಯ ಸಲ ಏರಿತು, ಬಾಟಲಿಗೆ ಬಿಡುವಷ್ಟರಲ್ಲಿ ಸರ್ರನೆ ವಾಪಸು ಹೋಯಿತು. ನೆಲ ಕೊಳೆಯಾಗಿದೆ ಎಂದು ರಾಯರು ಬಾಟಲಿಯನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟಿದ್ದರು. ಪೈಪಿನ ಹೊರತುದಿ ಟ್ಯಾಂಕಿನೊಳಗಿನ ಮಟ್ಟಕ್ಕಿಂತ ಕೆಳಗಿರಬೇಕು, ಆಗ ಮಾತ್ರ ತಾನಾಗಿ ಹರಿಯುತ್ತದೆ ಎಂದೆ. "ಅದನ್ನೇ ನಾನೂ ಹೇಳಲಿದ್ದೆ" ಎಂದು ಬಾಟಲಿ ಇಳಿಸಿ, ವಾತಾವರಣದ ಒತ್ತಡದ ಬಗ್ಗೆ ಪಾಠ ಶುರು ಮಾಡಿದರು. ನಾನು ಕುಕ್ಕರಗಾಲಿನಲ್ಲಿ ಕುಳಿತು, ಬಾಯಲ್ಲಿ ಪೈಪು ಕಚ್ಚಿಕೊಂಡು, ಪ್ರೌಢಶಾಲೆಯ ಭೌತಶಾಸ್ತ್ರ ಕೇಳಿದೆ. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ.

ಮೂರನೆಯ ಸಲ ಪೆಟ್ರೋಲು ಎಲ್ಲಿಗೆ ಬಂದಿದೆ ಎಂದು ಕಾಣಬೇಕಿತ್ತು. ಪೈಪು ಪಾರದರ್ಶಕವಾಗಿದ್ದದ್ದೇ ಅದಕ್ಕೆ. ಆದರೆ ಜಾರದಿರಲಿ ಎಂದು ರಾಯರು ಅದಕ್ಕೆ ಹಳೆಯ ಪಂಚೆ ಸುತ್ತಿ ಹಿಡಿದಿದ್ದರು. ಬಾಯಿ ತುಂಬಿತು. ಕಣ್ಣು, ಮೂಗು, ನಾಲಗೆ ಒಟ್ಟಿಗೆ ಉರಿದು, ನಾನು ಗುಲಾಬಿ ಗಿಡದ ಬುಡಕ್ಕೆ ಉಗಿಯುವಾಗ ಹಿಂದಿನಿಂದ ಕೇಳಿಸಿತು: "ಅಯ್ಯೋ, ಉಗಿಯಬೇಡಿ, ಲೀಟರಿಗೆ ನೂರು ದಾಟಿದೆ!"

ಫೋನಿನಲ್ಲಿ ಡಾಕ್ಟರು ಬೈದರು. ವಾಂತಿ ಮಾಡಲು ಹೋಗಬೇಡಿ, ಹೊಟ್ಟೆಗಿಂತ ಶ್ವಾಸಕೋಶಕ್ಕೆ ಇಳಿದರೆ ಕಷ್ಟ, ಕೆಮ್ಮು ದಮ್ಮು ಕಂಡರೆ ತಕ್ಷಣ ಬನ್ನಿ ಎಂದರು. ವಯಸ್ಸು ಎಷ್ಟು ಎಂದು ಕೇಳಿದ ಧಾಟಿ ಮಾತ್ರ ವೈದ್ಯಕೀಯದ್ದಾಗಿರಲಿಲ್ಲ.

ವರಾಂಡದಲ್ಲಿ ಕುಳಿತಾಗ ಅಪ್ಪನ ಸೀಮೆಎಣ್ಣೆ ಪಂಪು ನೆನಪಾಯಿತು. ಕೆಂಪು ಪ್ಲಾಸ್ಟಿಕ್ ಬುರುಡೆ, ಅದಕ್ಕೆ ಎರಡು ಕೊಳವೆ. ನಾಲ್ಕು ಸಲ ಅಮುಕಿದರೆ ಸಾಕು, ರೇಷನ್ನಿನ ನೀಲಿ ಎಣ್ಣೆ ಡಬ್ಬಿಯಿಂದ ಸ್ಟೌವಿಗೆ ತಾನೇ ಇಳಿಯುತ್ತಿತ್ತು. ಯಾರ ಬಾಯಿಯೂ ಬೇಕಿರಲಿಲ್ಲ. ಅಮುಕುವ ಕೆಲಸ ನನ್ನದು, "ಸಾಕು" ಎನ್ನುವುದು ಅಪ್ಪನದು. ಒಂದು ಹನಿ ಹೊರಗೆ ಬಿದ್ದರೂ ಅಪ್ಪ ಬೆರಳಲ್ಲಿ ಒರೆಸಿ ಬತ್ತಿಗೆ ಹಚ್ಚುತ್ತಿದ್ದರು. ಮಧ್ಯಾಹ್ನ ಅಟ್ಟ ಹತ್ತಿ ಹುಡುಕಿದೆ. ಸಿಕ್ಕಿತು. ಅಮುಕಿದೆ. ಬುರುಡೆ ಹಪ್ಪಳದಂತೆ ಮುರಿಯಿತು.

ಈಗಷ್ಟೇ ಗೇಟಿನ ಚಿಲಕ ಸದ್ದಾಯಿತು. ರಾಯರು. ಕೈಯಲ್ಲಿ ಬಾಟಲಿ ಇರಲಿಲ್ಲ. ಆರೋಗ್ಯ ವಿಚಾರಿಸಲು ಬಂದಿರಬೇಕು ಎಂದುಕೊಂಡು ಎದ್ದು ಕುರ್ಚಿ ಎಳೆದೆ.

"ಕೂರುವುದಿಲ್ಲ ಸ್ವಾಮಿ. ಆ ಪೈಪು ನಿಮ್ಮಲ್ಲೇ ಉಳಿಯಿತಲ್ಲ, ಸೋಪು ಹಾಕಿ ತೊಳೆದು ಕೊಡಿ. ಎಂಜಲು ನೋಡಿ."