ನಿರ್ದೇಶಕನ ಕೈ ಕಟ್ಟುವ ಕ್ಯಾಲೆಂಡರ್

ಸೂಪರ್‌ಹೀರೋ ಸಿನಿಮಾವೊಂದು ನೆಲಕಚ್ಚಿದಾಗಲೆಲ್ಲ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಸ್ಟುಡಿಯೊದವರು ಕತ್ತರಿ ಆಡಿಸಿ ಹಾಳು ಮಾಡಿದರು ಎನ್ನುವವರು ಒಂದು ಕಡೆ, ನಿರ್ದೇಶಕನಿಗೇ ಕೈಲಾಗಲಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಕಣ್ಣೂ ಎಡಿಟಿಂಗ್ ಟೇಬಲ್ ಮೇಲೆಯೇ. ಅಷ್ಟು ಹೊತ್ತಿಗೆ ಮುಖ್ಯವಾದದ್ದೆಲ್ಲ ಮುಗಿದುಹೋಗಿರುತ್ತದೆ ಎಂಬುದು ನನ್ನ ವಾದ. ಈ ಸಿನಿಮಾಗಳಲ್ಲಿ ನಿರ್ದೇಶಕನ ಕೈ ಕಟ್ಟಿಹೋಗುವುದು ಕತೆ ಇನ್ನೂ ಗಟ್ಟಿಯಾಗುವ ಮುಂಚೆ ಬಿಡುಗಡೆಯ ದಿನ ಘೋಷಣೆಯಾಗುತ್ತದಲ್ಲ, ಆವತ್ತು.

ದಿನವನ್ನು ಅಷ್ಟು ಬೇಗ ಹಿಡಿದಿಡುವುದಕ್ಕೆ ಕಾರಣಗಳಿವೆ. ಐಮ್ಯಾಕ್ಸ್ ಪರದೆಗಳು ಕಡಿಮೆ, ಮೊದಲೇ ಕಾದಿರಿಸಬೇಕು. ಆಟಿಕೆ ಮಾಡುವವರಿಗೆ ಪಾತ್ರಗಳ ವೇಷದ ವಿನ್ಯಾಸ ಶೂಟಿಂಗ್ ಮುಗಿಯುವ ಮುಂಚೆಯೇ ಸಿಗಬೇಕು, ಇಲ್ಲದಿದ್ದರೆ ಅಚ್ಚು ಹಾಕಿ, ತಯಾರಿಸಿ, ಅಂಗಡಿಗೆ ತಲುಪಿಸುವಷ್ಟರಲ್ಲಿ ಸಿನಿಮಾ ಬಂದು ಹೋಗಿರುತ್ತದೆ. ಸರಣಿಯ ಮುಂದಿನ ಚಿತ್ರ ಇದು ಮುಗಿದ ಜಾಗದಿಂದ ಶುರುವಾಗಬೇಕು. ಇದೆಲ್ಲದರ ಜೊತೆಗೆ ಹಕ್ಕಿನ ಗಡುವು ಎಂಬುದೊಂದಿದೆ. ಕಾಮಿಕ್ಸ್ ಕಂಪನಿಯಿಂದ ಪಾತ್ರದ ಹಕ್ಕು ಕೊಂಡವರು ಗೊತ್ತುಮಾಡಿದ ಕಾಲದೊಳಗೆ ಚಿತ್ರ ಮಾಡದಿದ್ದರೆ ಹಕ್ಕು ವಾಪಸ್ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ತೀರಾ ಕಡಿಮೆ ದುಡ್ಡಿನಲ್ಲಿ ತೆಗೆದ ಒಂದು ‘ಫೆಂಟಾಸ್ಟಿಕ್ ಫೋರ್’ ಬಿಡುಗಡೆಯನ್ನೇ ಕಾಣಲಿಲ್ಲ. ಅದನ್ನು ತೆಗೆದದ್ದರ ಹಿಂದೆ ಹಕ್ಕು ಉಳಿಸಿಕೊಳ್ಳುವ ಲೆಕ್ಕವಿತ್ತು.

ಸ್ಪೈಡರ್‌ಮ್ಯಾನ್ ಸರಣಿಯ ಮೊದಲ ಮೂರು ಚಿತ್ರ ನಿರ್ದೇಶಿಸಿದ ಸ್ಯಾಮ್ ರೈಮಿ ಅವರ ವಿಷಯವನ್ನೇ ನೋಡಿ. ‘ಸ್ಪೈಡರ್‌ಮ್ಯಾನ್ 3’ರಲ್ಲಿ ವೆನಮ್ ಎಂಬ ಖಳನ ಪಾತ್ರ ಅವರಿಗೆ ಬೇಕಿರಲಿಲ್ಲ, ನಿರ್ಮಾಪಕ ಅವಿ ಅರಾಡ್ ಪಟ್ಟು ಹಿಡಿದದ್ದಕ್ಕೆ ಸೇರಿಸಿದರು. ನಾಲ್ಕನೆಯದಕ್ಕೆ 2011ರ ಮೇ ತಿಂಗಳು ನಿಗದಿಯಾಗಿತ್ತು. ಚಿತ್ರಕಥೆ ಮನಸ್ಸಿಗೆ ಒಪ್ಪುತ್ತಿಲ್ಲ, ಆ ದಿನಕ್ಕೆ ಚೆನ್ನಾಗಿ ಮುಗಿಸಲು ನನ್ನಿಂದಾಗದು ಎಂದು ರೈಮಿ ನೇರವಾಗಿ ಹೇಳಿದರು. 2010ರ ಜನವರಿಯಲ್ಲಿ ಸೋನಿ ಆ ಚಿತ್ರವನ್ನೇ ಕೈಬಿಟ್ಟು, ಹೊಸ ನಟ, ಹೊಸ ನಿರ್ದೇಶಕರನ್ನು ಇಟ್ಟುಕೊಂಡು ಮೊದಲಿನಿಂದ ಕತೆ ಶುರುಮಾಡಿತು. ಸಾಲಾಗಿ ಮೂರು ಗೆಲುವು ಕೊಟ್ಟವರಿಗೂ ಒಂದು ದಿನಾಂಕ ಸರಿಸುವ ಶಕ್ತಿ ಇರಲಿಲ್ಲ.

ಕಾಗದದ ಮೇಲೆ ನಿರ್ದೇಶಕನಿಗೆ ರಕ್ಷಣೆ ಇದೆ. ಅಮೆರಿಕದ ನಿರ್ದೇಶಕರ ಸಂಘವಾದ ಡಿಜಿಎ ಮಾಡಿಕೊಂಡಿರುವ ಒಪ್ಪಂದದಂತೆ, ದೊಡ್ಡ ಚಿತ್ರವೊಂದರಲ್ಲಿ ತನ್ನ ಕಟ್ (ಸಂಕಲಿಸಿದ ಆವೃತ್ತಿ) ತಯಾರಿಸಲು ನಿರ್ದೇಶಕನಿಗೆ ಸಾಮಾನ್ಯವಾಗಿ 10 ವಾರ ಸಿಗಬೇಕು, ಆ ಅವಧಿಯಲ್ಲಿ ಬೇರೆಯವರು ಕೈಹಾಕುವಂತಿಲ್ಲ. ಆಮೇಲೆ ಸಿನಿಮಾ ಸ್ಟುಡಿಯೊದ್ದು. ಫೈನಲ್ ಕಟ್, ಅಂದರೆ ಕೊನೆಯ ಆವೃತ್ತಿ ತೀರ್ಮಾನಿಸುವ ಹಕ್ಕು, ಬೇಕೆಂದರೆ ಪ್ರತ್ಯೇಕವಾಗಿ ಕರಾರಿನಲ್ಲಿ ಬರೆಸಿಕೊಳ್ಳಬೇಕು, ಅದು ಬೆರಳೆಣಿಕೆಯ ಜನಕ್ಕೆ ಮಾತ್ರ ದಕ್ಕುತ್ತದೆ. ಈ 10 ವಾರವನ್ನೂ ಕ್ಯಾಲೆಂಡರ್ ನುಂಗುವ ರೀತಿ ಹೀಗಿದೆ: ಈಗಿನ ದೊಡ್ಡ ಸೂಪರ್‌ಹೀರೋ ಚಿತ್ರದಲ್ಲಿ ವಿಎಫ್‌ಎಕ್ಸ್ (ಕಂಪ್ಯೂಟರ್ ಗ್ರಾಫಿಕ್ಸ್ ಸೇರಿಸಿದ) ಶಾಟ್‌ಗಳು ಎರಡು ಸಾವಿರ ದಾಟುವುದುಂಟು. ಒಂದು ಕಷ್ಟದ ಶಾಟ್‌ಗೆ ತಿಂಗಳುಗಟ್ಟಲೆ ಕೆಲಸ. ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ, ನಿರ್ದೇಶಕ ಇನ್ನೂ ತನ್ನ ಸಿನಿಮಾ ಯಾವುದೆಂದು ಹುಡುಕುತ್ತಿರುವ ವಾರಗಳಲ್ಲೇ ಶಾಟ್‌ಗಳನ್ನು ‘ಇಷ್ಟೇ ಫ್ರೇಮ್, ಇದೇ ಅಳತೆ’ ಎಂದು ಖಾಯಂ ಮಾಡಿ ಗ್ರಾಫಿಕ್ಸ್ ಕಂಪನಿಗಳಿಗೆ ಕಳಿಸಬೇಕಾಗುತ್ತದೆ. ಒಮ್ಮೆ ಕಳಿಸಿದ ಮೇಲೆ ಆ ದೃಶ್ಯವನ್ನು ಮೂರು ಸೆಕೆಂಡ್ ಹಿಗ್ಗಿಸಿದರೂ ಅದಕ್ಕೆ ಮತ್ತೆ ದುಡ್ಡು, ಮತ್ತೆ ಸಮಯ.

ಶೂಟಿಂಗ್‌ಗೂ ಮೊದಲು ಪ್ರಿವಿಸ್ ಬರುತ್ತದೆ. ಹೊಡೆದಾಟದ ದೃಶ್ಯಗಳನ್ನೆಲ್ಲ ಒರಟು ಅನಿಮೇಶನ್‌ನಲ್ಲಿ ಮೊದಲೇ ಮಾಡಿಟ್ಟುಕೊಳ್ಳುವ ಕೆಲಸ ಇದು. ಕ್ಯಾಮೆರಾ ಎಲ್ಲಿ, ಯಾವ ಲೆನ್ಸು, ಎಷ್ಟು ಹೊತ್ತು, ಎಲ್ಲವೂ ಅದರಲ್ಲೇ ತೀರ್ಮಾನವಾಗುತ್ತದೆ. ಉಪಕರಣ ಒಳ್ಳೆಯದೇ, ದುಂದು ಉಳಿಸುತ್ತದೆ. ಆದರೆ ನಿರ್ದೇಶಕ ಬಂದು ಕೂರುವ ಮೊದಲೇ ಪ್ರಿವಿಸ್ ತಂಡ ಕೆಲಸ ಶುರುಮಾಡಿದ್ದರೆ, ಚಿತ್ರದ ಅತಿ ದುಬಾರಿ ಭಾಗ ನಿರ್ದೇಶಕನ ಕಣ್ಣಿನದಾಗಿರುವುದಿಲ್ಲ. ಅರ್ಜೆಂಟೀನಾದ ನಿರ್ದೇಶಕಿ ಲುಕ್ರೇಸಿಯಾ ಮಾರ್ತೆಲ್ 2018ರಲ್ಲಿ ಮುಂಬೈ ಚಿತ್ರೋತ್ಸವಕ್ಕೆ ಬಂದಿದ್ದಾಗ ಇದನ್ನು ಬಿಚ್ಚಿ ಹೇಳಿದರು. ‘ಬ್ಲ್ಯಾಕ್ ವಿಡೋ’ ಚಿತ್ರದ ವಿಚಾರವಾಗಿ ಮಾರ್ವೆಲ್ ಸ್ಟುಡಿಯೊದವರು ಮಾತಾಡಿದಾಗ, ಆ್ಯಕ್ಷನ್ ದೃಶ್ಯಗಳ ಚಿಂತೆ ನಿಮಗೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂದರಂತೆ. ಮಾರ್ತೆಲ್ ಅವರಿಗೆ ಆ ದೃಶ್ಯಗಳನ್ನೂ ತಾವೇ ಮಾಡುವ ಆಸೆ ಇತ್ತು. ಒಂದೇ ಸರಣಿಯ ಹತ್ತು ನಿರ್ದೇಶಕರ ಚಿತ್ರಗಳಲ್ಲಿ ಕೊನೆಯ ಅರ್ಧ ಗಂಟೆ ಮಾತ್ರ ಯಾಕೆ ಒಂದೇ ಥರ ಕಾಣುತ್ತದೆ ಎಂದು ಕೇಳುವವರಿಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ.

ದಿನಾಂಕವನ್ನು ಮುಟ್ಟಬಾರದು ಎಂಬ ಹಟ ಏನು ಮಾಡಬಲ್ಲದು ಎಂಬುದಕ್ಕೆ 2017ರ ‘ಜಸ್ಟಿಸ್ ಲೀಗ್’ಗಿಂತ ಸ್ಪಷ್ಟ ಸಾಕ್ಷಿ ಬೇರೆ ಇಲ್ಲ. ಮಗಳ ಸಾವಿನ ನಂತರ ನಿರ್ದೇಶಕ ಝ್ಯಾಕ್ ಸ್ನೈಡರ್ ಮೇ ತಿಂಗಳಲ್ಲಿ ಚಿತ್ರದಿಂದ ಹಿಂದೆ ಸರಿದರು. ಜಾಸ್ ವೀಡನ್ ಬಂದು ಹೊಸ ದೃಶ್ಯ ಬರೆದು ರೀಶೂಟ್ ಮಾಡಿದರು, ಸಂಗೀತ ನಿರ್ದೇಶಕರೂ ಬದಲಾದರು, ಚಿತ್ರ ಎರಡು ಗಂಟೆಗೆ ಇಳಿಯಿತು. ಅಲುಗಾಡದೆ ಉಳಿದದ್ದು ಬಿಡುಗಡೆಯ ದಿನವಾದ ನವೆಂಬರ್ 17 ಮಾತ್ರ. ಇಂಥ ದುಃಖದ ಹೊತ್ತಿನಲ್ಲೂ ಆರು ತಿಂಗಳು ಮುಂದೂಡಲು ಸ್ಟುಡಿಯೊಗೆ ಮನಸ್ಸು ಬರಲಿಲ್ಲ ಎನ್ನುವುದು ನನಗೆ ಇವತ್ತಿಗೂ ಒಪ್ಪಲಾಗದ ಸಂಗತಿ.

ರೀಶೂಟ್ ಹೊತ್ತಿಗೆ ಸೂಪರ್‌ಮ್ಯಾನ್ ಪಾತ್ರಧಾರಿ ಹೆನ್ರಿ ಕ್ಯಾವಿಲ್ ಪ್ಯಾರಮೌಂಟ್‌ನ ‘ಮಿಷನ್ ಇಂಪಾಸಿಬಲ್’ ಚಿತ್ರಕ್ಕಾಗಿ ದಪ್ಪ ಮೀಸೆ ಬಿಟ್ಟಿದ್ದರು. ಬೋಳಿಸಲು ಪ್ಯಾರಮೌಂಟ್ ಒಪ್ಪಲಿಲ್ಲ. ಹಾಗಾಗಿ ಮೀಸೆ ಸಮೇತ ಶೂಟ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ಚಿತ್ರದ ಮೊಟ್ಟಮೊದಲ ದೃಶ್ಯದಲ್ಲಿ ಮಕ್ಕಳು ಫೋನಿನಲ್ಲಿ ವಿಡಿಯೊ ತೆಗೆಯುತ್ತಾ ಸೂಪರ್‌ಮ್ಯಾನ್‌ನನ್ನು ಮಾತಾಡಿಸುತ್ತಾರೆ. ಅವನ ಮೇಲ್ದುಟಿಯನ್ನು ಗಮನಿಸಿ. ಮಾತಾಡುವಾಗ ಮೂಗಿನ ಕೆಳಗಿನ ತಗ್ಗು, ಕೆನ್ನೆಯ ಮಡಿಕೆ, ತುಟಿಯಂಚು ಮೂರೂ ಒಟ್ಟಿಗೆ ಎಳೆಯಬೇಕು. ಇಲ್ಲಿ ಕೆನ್ನೆ ಎಳೆಯುತ್ತದೆ, ತುಟಿ ಮಾತ್ರ ಹಿಟ್ಟು ಮೆತ್ತಿದ ಹಾಗೆ ನಿಂತಿರುತ್ತದೆ. ಅದನ್ನು ಮಾಡಿದವರು ಅಸಮರ್ಥರೇನಲ್ಲ. ಸೆಕೆಂಡಿಗೆ 24 ಫ್ರೇಮಿನಂತೆ ಹತ್ತು ಸೆಕೆಂಡಿನ ಶಾಟ್‌ಗೆ 240 ಸಲ ಮುಖದ ಕೆಳಭಾಗವನ್ನೇ ಹೊಸದಾಗಿ ಕಟ್ಟಿ, ಬೆಳಕು, ಚರ್ಮದ ಬಣ್ಣ, ತಲೆಯ ಚಲನೆಗೆ ಹೊಂದಿಸಬೇಕು. ಅದಕ್ಕೆ ಬೇಕಾದ ಸಮಯ ಅವರಿಗೆ ಸಿಗಲಿಲ್ಲ, ಅಷ್ಟೆ.

ಅದೇ ಚಿತ್ರದಲ್ಲಿ ಇನ್ನೊಂದು ನಷ್ಟ ಕಣ್ಣಿಗೆ ಅಷ್ಟು ಬೇಗ ಬೀಳುವುದಿಲ್ಲ. ಸ್ನೈಡರ್ 35 ಎಂಎಂ ಫಿಲ್ಮಿನಲ್ಲಿ ಚೌಕಕ್ಕೆ ಹತ್ತಿರವಾದ ಎತ್ತರದ ಚೌಕಟ್ಟು ಮನಸ್ಸಿನಲ್ಲಿಟ್ಟುಕೊಂಡು ಚಿತ್ರಿಸಿದ್ದರು. ಚಿತ್ರಮಂದಿರಕ್ಕೆ ಬಂದ ಆವೃತ್ತಿ ಅಗಲದ್ದು, ಫ್ರೇಮಿನ ಮೇಲೆ ಕೆಳಗೆ ಕತ್ತರಿಸಿದ್ದು. 2021ರ ಮಾರ್ಚ್‌ನಲ್ಲಿ ಸುಮಾರು 7 ಕೋಟಿ ಡಾಲರ್ ಹೆಚ್ಚುವರಿ ಖರ್ಚಿನಲ್ಲಿ ಅವರ 242 ನಿಮಿಷದ ಆವೃತ್ತಿ ಎಚ್‌ಬಿಒ ಮ್ಯಾಕ್ಸ್ ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಬಂತು. ಅದರಲ್ಲಿ ಸೈಬಾರ್ಗ್ ಎಂಬ ಸೂಪರ್‌ಹೀರೋನ ಕತೆ ಚಿತ್ರದ ಎದೆಬಡಿತವೇ ಆಗಿರುವುದನ್ನು ನೋಡಿದಾಗ, 2017ರಲ್ಲಿ ಏನನ್ನು ಕಿತ್ತು ಬಿಸಾಡಿದ್ದರೆಂಬುದು ಅರ್ಥವಾಗುತ್ತದೆ. ಆ ಆವೃತ್ತಿ ಉದ್ದವಾಯಿತು, ನಿಧಾನಗತಿಯ ದೃಶ್ಯಗಳು ಅತಿಯಾದವು, ನಿಜ. ಆದರೂ ಅದು ಒಬ್ಬರ ಸಿನಿಮಾ.

ಪರೀಕ್ಷಾ ಪ್ರದರ್ಶನಗಳ ಬಗ್ಗೆ ಒಂದು ಮಾತು. ಸಾಮಾನ್ಯ ಪ್ರೇಕ್ಷಕರಿಗೆ ಅರೆಬೆಂದ ಚಿತ್ರ ತೋರಿಸಿ ಕಾರ್ಡು ತುಂಬಿಸುತ್ತಾರೆ. ಸ್ಟುಡಿಯೊ ಮುಖ್ಯವಾಗಿ ನೋಡುವುದು ‘ಅತ್ಯುತ್ತಮ’, ‘ಬಹಳ ಚೆನ್ನಾಗಿದೆ’ ಎಂಬ ಮೊದಲೆರಡು ಖಾನೆಗಳ ಶೇಕಡಾವಾರು ಲೆಕ್ಕ. ಎಲ್ಲಿ ಬೇಜಾರಾಯಿತು, ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನು ಕಾರ್ಡು ಸರಿಯಾಗಿಯೇ ಹೇಳುತ್ತದೆ. ಏನು ಮಾಡಬೇಕೆಂಬುದನ್ನು ಅದು ಹೇಳಲಾರದು. ಇಪ್ಪತ್ತನೇ ನಿಮಿಷದ ಒಂದು ಸಾಲು ಸರಿಮಾಡಿದರೆ ನೆಟ್ಟಗಾಗುವ ಕ್ಲೈಮ್ಯಾಕ್ಸನ್ನು, ಕ್ಲೈಮ್ಯಾಕ್ಸ್‌ಗೇ ಅಂಕ ಕಡಿಮೆ ಬಂತೆಂದು ಪೂರ್ತಿ ಬದಲಿಸುವ ತಪ್ಪು ಆಗುವುದು ಇಲ್ಲೇ.

ಹೀಗೆ ಕೊನೆಗಳಿಗೆಯಲ್ಲಿ ಬದಲಾದಾಗ ಭಾರ ಬೀಳುವುದು ಗ್ರಾಫಿಕ್ಸ್ ಕೆಲಸಗಾರರ ಮೇಲೆ. ಕಂಪನಿಗಳು ಬಹುಪಾಲು ಮೊದಲೇ ಗೊತ್ತುಪಡಿಸಿದ ಮೊತ್ತಕ್ಕೆ ಕೆಲಸ ಹಿಡಿದಿರುತ್ತವೆ, ಹೆಚ್ಚಿದ ಗಂಟೆಗಳ ಲೆಕ್ಕ ಅವರೇ ಸರಿತೂಗಿಸಿಕೊಳ್ಳಬೇಕು. ರೋಟೊ (ಆಕೃತಿ ಬೇರ್ಪಡಿಸುವುದು), ಪೇಂಟ್ (ಬೇಡದ್ದನ್ನು ಅಳಿಸುವುದು), ಮ್ಯಾಚ್‌ಮೂವ್ (ಕ್ಯಾಮೆರಾ ಚಲನೆಗೆ ಹೊಂದಿಸುವುದು) ಇಂಥ ಕೆಲಸಗಳ ದೊಡ್ಡ ಪಾಲು ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ನಡೆಯುವುದರಿಂದ, ಲಾಸ್ ಏಂಜಲೀಸ್‌ನ ಸಭೆಯಲ್ಲಿ ಮನಸ್ಸು ಬದಲಾದರೆ ಇಲ್ಲಿಯವರ ರಾತ್ರಿಪಾಳಿ ಉದ್ದವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಸ್ವಂತ ವಿಎಫ್‌ಎಕ್ಸ್ ಸಿಬ್ಬಂದಿ ಅಮೆರಿಕದಲ್ಲಿ ಸರ್ವಾನುಮತದಿಂದ ಸಂಘ ಕಟ್ಟಿಕೊಂಡರು. ಆ ಅನುಕೂಲ ನಮ್ಮ ಹುಡುಗರವರೆಗೆ ಬಂದಿಲ್ಲ.

ಹಾಗೆಂದು ಸ್ಟುಡಿಯೊ ಸುಮ್ಮನಿರಬೇಕು ಎನ್ನುವವನಲ್ಲ ನಾನು. 2008ರ ‘ಐರನ್ ಮ್ಯಾನ್’ನಿಂದ 2019ರ ‘ಎಂಡ್‌ಗೇಮ್’ವರೆಗೆ 22 ಚಿತ್ರಗಳ ದಾರವನ್ನು ಮಾರ್ವೆಲ್ ಸ್ಟುಡಿಯೊದ ಮುಖ್ಯಸ್ಥ ಕೆವಿನ್ ಫೈಗಿ ಹಿಡಿದಿರದಿದ್ದರೆ ಆ ಕೊನೆ ನಮಗೆ ಸಿಗುತ್ತಲೇ ಇರಲಿಲ್ಲ. ನಿರ್ದೇಶಕ ಎಡ್ಗರ್ ರೈಟ್ ವರ್ಷಾನುಗಟ್ಟಲೆ ಹೊತ್ತು ತಿರುಗಿದ ‘ಆಂಟ್‌ಮ್ಯಾನ್’ ಬಿಟ್ಟು 2014ರ ಮೇಯಲ್ಲಿ ಹೊರಬಂದಾಗ ನೋವಾಯಿತು. ಆದರೆ ಆ ಜಗಳ ಕ್ಯಾಮೆರಾ ಉರುಳುವ ಮುಂಚೆ ಮುಗಿಯಿತು. ಬಂದ ಚಿತ್ರ ಅವರದ್ದಾಗಿರಲಿಲ್ಲ, ಎರಡು ತಲೆಯ ಚಿತ್ರವೂ ಆಗಿರಲಿಲ್ಲ. ಜಗಳ ಆಗುವುದಿದ್ದರೆ ಚಿತ್ರಕಥೆಯ ಹಂತದಲ್ಲೇ ಆಗಲಿ.

ದುಡ್ಡು ಕಡಿಮೆಯಿದ್ದಲ್ಲಿ ಉಸಿರಾಡಲು ಜಾಗ ಹೆಚ್ಚು. ‘ಡೆಡ್‌ಪೂಲ್’ಗೆ ಸುಮಾರು 5.8 ಕೋಟಿ ಡಾಲರ್ ಇತ್ತು. ಶೂಟಿಂಗ್ ಹತ್ತಿರ ಬಂದಾಗ ಬಜೆಟ್ ಇನ್ನೂ ಕತ್ತರಿಸಿದ್ದರಿಂದ ಕೊನೆಯ ಗುಂಡಿನ ಕಾಳಗ ತೆಗೆಯಲಾಗದೆ, ನಾಯಕ ಬಂದೂಕಿನ ಚೀಲವನ್ನು ಟ್ಯಾಕ್ಸಿಯಲ್ಲೇ ಮರೆತುಬಿಡುವ ಹಾಗೆ ಬರೆದರು. ಚಿತ್ರದ ಅತಿ ನಗೆಯ ಘಳಿಗೆಗಳಲ್ಲಿ ಅದೂ ಒಂದಾಯಿತು. ‘ಲೋಗನ್’ 9.7 ಕೋಟಿಯದು. ಆದರೆ ಇದೂ ಖಾತ್ರಿಯಲ್ಲ: ಸುಮಾರು 9 ಕೋಟಿಯ ‘ಬ್ಯಾಟ್‌ಗರ್ಲ್’ ಚಿತ್ರವನ್ನು ವಾರ್ನರ್ 2022ರ ಆಗಸ್ಟ್‌ನಲ್ಲಿ ಹೊರಗೇ ಬಿಡದೆ ಮುಚ್ಚಿತು. ಒಂದು ಪ್ರತಿಯನ್ನಾದರೂ ಉಳಿಸಿಕೊಳ್ಳೋಣವೆಂದು ನಿರ್ದೇಶಕರಿಬ್ಬರೂ ಸರ್ವರ್ ತೆರೆಯಹೋದರೆ ಅದಾಗಲೇ ಬಂದ್ ಆಗಿತ್ತು.

ಈ ಜಗಳ ಹಳೆಯದು. ರಿಚರ್ಡ್ ಡಾನರ್ ‘ಸೂಪರ್‌ಮ್ಯಾನ್’ ಮತ್ತು ‘ಸೂಪರ್‌ಮ್ಯಾನ್ 2’ ಎರಡನ್ನೂ ಒಟ್ಟಿಗೆ ಚಿತ್ರಿಸುತ್ತಿದ್ದರು. ಎರಡನೆಯದರ ಮುಕ್ಕಾಲು ಭಾಗ ಆಗಿದ್ದಾಗ, 1978ರಲ್ಲಿ ಮೊದಲನೆಯದು ಬಿಡುಗಡೆಯಾದ ಮೇಲೆ, ನಿರ್ಮಾಪಕರು ಅವರನ್ನು ತೆಗೆದುಹಾಕಿದರು. ರಿಚರ್ಡ್ ಲೆಸ್ಟರ್ ಬಂದು ಬಹಳಷ್ಟು ಭಾಗ ಮತ್ತೆ ಚಿತ್ರಿಸಿದರು. ಖಳನ ಪಾತ್ರದ ಜೀನ್ ಹ್ಯಾಕ್‌ಮನ್ ವಾಪಸ್ ಬರಲಿಲ್ಲ, ಬದಲಿ ನಟನನ್ನು ನಿಲ್ಲಿಸಬೇಕಾಯಿತು. ಲೆಸ್ಟರ್ ಆವೃತ್ತಿಯಲ್ಲಿ ಕ್ಲಾರ್ಕ್ (ಸೂಪರ್‌ಮ್ಯಾನ್‌ನ ಮಾಮೂಲಿ ಮನುಷ್ಯನ ವೇಷ) ಹೋಟೆಲ್ ಕೋಣೆಯಲ್ಲಿ ಎಡವಿ, ಕೈ ಬೆಂಕಿಗೆ ಬಿದ್ದೂ ಸುಡದೆ, ಗುಟ್ಟು ರಟ್ಟಾಗುತ್ತದೆ. ಡಾನರ್ ಬರೆಸಿಕೊಂಡಿದ್ದ ದೃಶ್ಯ ಬೇರೆ: ನಾಯಕಿ ಲೋಯಿಸ್ ಅವನ ಮೇಲೆ ಗುಂಡು ಹಾರಿಸುತ್ತಾಳೆ, ತಾನೇ ಸೂಪರ್‌ಮ್ಯಾನ್ ಎಂದು ಅವನು ಸೋತು ಒಪ್ಪಿಕೊಳ್ಳುತ್ತಾನೆ, ಬಂದೂಕಿನಲ್ಲಿದ್ದದ್ದು ಹುಸಿಗುಂಡು ಎಂದು ಆಮೇಲೆ ಹೇಳುತ್ತಾಳೆ. ಅದನ್ನು ಚಿತ್ರಿಸಲು ಡಾನರ್‌ಗೆ ಅವಕಾಶವೇ ಸಿಗಲಿಲ್ಲ. 2006ರಲ್ಲಿ ಅವರ ಆವೃತ್ತಿಯನ್ನು ಜೋಡಿಸಿದಾಗ, ಪಾತ್ರಕ್ಕೆ ಆಯ್ಕೆಯಾಗುವ ಕಾಲದ ಎರಡು ಬೇರೆ ಬೇರೆ ಸ್ಕ್ರೀನ್ ಟೆಸ್ಟ್‌ಗಳನ್ನು ಸೇರಿಸಿ ಆ ದೃಶ್ಯ ಕಟ್ಟಿದರು. ಶಾಟ್‌ನಿಂದ ಶಾಟ್‌ಗೆ ಕ್ರಿಸ್ಟೋಫರ್ ರೀವ್ ಅವರ ಕೂದಲು ಬದಲಾಗುತ್ತದೆ, ಕನ್ನಡಕ ಬದಲಾಗುತ್ತದೆ, ಒಂದರಲ್ಲಿ ಮೈ ಇನ್ನೂ ಸಣಕಲು. ಕ್ಲಾರ್ಕ್‌ನ ಬಾಗಿದ ಬೆನ್ನು ನೆಟ್ಟಗಾಗಿ ಸೂಪರ್‌ಮ್ಯಾನ್ ಎದ್ದು ನಿಲ್ಲುವ ಆ ಕ್ಷಣದಲ್ಲಿ ಕೂದಲನ್ನು ಯಾರೂ ನೋಡುವುದಿಲ್ಲ.