ಸ್ಪಷ್ಟನೆ: ಮನೆಯ ರೆಕಾರ್ಡಿಂಗ್‌ಗೆ 192 ಕಿಲೋಹರ್ಟ್ಸ್ ಸೌಂಡ್ ಕಾರ್ಡ್ ಅನಿವಾರ್ಯವಲ್ಲ

‘192 ಕಿಲೋಹರ್ಟ್ಸ್ ಸೌಂಡ್ ಕಾರ್ಡ್ ಇಲ್ಲದಿದ್ದರೆ ದನಿಯ ಅರ್ಧದಷ್ಟು ಮಾಧುರ್ಯ ರೆಕಾರ್ಡ್ ಆಗುವುದೇ ಇಲ್ಲ’ ಎಂಬ ಸಂದೇಶವೊಂದು ಗಾಯಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಸೌಂಡ್ ಕಾರ್ಡ್ ಎಂದರೆ ಮೈಕ್‌ನಿಂದ ಬಂದ ಧ್ವನಿಯನ್ನು ಕಂಪ್ಯೂಟರಿಗಾಗಿ ಅಂಕಿಗಳಾಗಿ ಬದಲಿಸುವ ಸಾಧನ. 192 ಕಿಲೋಹರ್ಟ್ಸ್ ಎಂದರೆ ಅದು ಸೆಕೆಂಡಿಗೆ 1,92,000 ಬಾರಿ ಧ್ವನಿಯ ಮಾದರಿ (ಸ್ಯಾಂಪಲ್) ತೆಗೆದುಕೊಳ್ಳುತ್ತದೆ ಎಂದರ್ಥ; ಈ ವೇಗವೇ ಸ್ಯಾಂಪಲ್ ದರ.

ಮನುಷ್ಯನ ಕಿವಿಗೆ ಕೇಳಿಸುವ ಆವರ್ತನದ (ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯ) ಮಿತಿ ಸುಮಾರು 20 ಕಿಲೋಹರ್ಟ್ಸ್. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಸ್ಯಾಂಪ್ಲಿಂಗ್ ಪ್ರಮೇಯದ ಪ್ರಕಾರ, ಒಂದು ಧ್ವನಿಯಲ್ಲಿರುವ ಗರಿಷ್ಠ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ದರದಲ್ಲಿ ಮಾದರಿಗಳನ್ನು ತೆಗೆದುಕೊಂಡರೆ ಆ ಧ್ವನಿಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು, ಆದ್ದರಿಂದಲೇ ಸಿ.ಡಿ.ಗೆ 44.1, ವಿಡಿಯೊಗೆ 48 ಕಿಲೋಹರ್ಟ್ಸ್ ಸಾಕಾಗಿದೆ. 24 ಬಿಟ್‌ನಲ್ಲಿ (ಪ್ರತಿ ಮಾದರಿಯನ್ನು ಬರೆದಿಡುವ ಅಳತೆ) ಒಂದು ನಿಮಿಷದ ಮೊನೊ (ಒಂದೇ ಚಾನೆಲ್‌ನ) ಧ್ವನಿಗೆ 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 8.6 ಎಂ.ಬಿ. ಬೇಕಾದರೆ, 192ರಲ್ಲಿ ಸುಮಾರು 34.6 ಎಂ.ಬಿ. ಬೇಕು. ನಮ್ಮ ಕಿವಿಗೆ ಕೇಳಿಸದ ಬಾವಲಿಯ ಕೂಗನ್ನು ದಾಖಲಿಸುವವರಿಗೆ ಅದು ಉಪಯುಕ್ತ, ಭಾವಗೀತೆ ಹಾಡುವವರಿಗಲ್ಲ.

ಮೆಲುದನಿಯ ಆಲಾಪವನ್ನು ರೆಕಾರ್ಡ್ ಮಾಡಿ ಗೇನ್ (ಧ್ವನಿಯ ಮಟ್ಟ) ಏರಿಸಿದಾಗ ಹಿನ್ನೆಲೆಯಲ್ಲಿ ‘ಸ್‌ಸ್’ ಎಂದು ಕೇಳಿಸುವ ಸದ್ದಿಗೆ ಬಹುಮಟ್ಟಿಗೆ ಕಾರಣ ಕಳಪೆ ಪ್ರೀಆಂಪ್ (ಮೈಕ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗ) ಅಥವಾ ಕೋಣೆಯ ಫ್ಯಾನ್. ಸ್ಯಾಂಪಲ್ ದರ ಹೆಚ್ಚಿಸಿದರೆ ಅದು ಹೋಗುವುದಿಲ್ಲ. ಸೌಂಡ್ ಕಾರ್ಡ್ ಕೊಳ್ಳುವಾಗ ಮೈಕ್‌ನ ಮೂರು ಪಿನ್‌ಗಳ ಕೇಬಲ್ ಸಿಕ್ಕಿಸುವ ಎಕ್ಸ್‌ಎಲ್‌ಆರ್ ಇನ್‌ಪುಟ್, ಸ್ಟುಡಿಯೊ ಮಾದರಿಯ ಕಂಡೆನ್ಸರ್ ಮೈಕ್‌ಗೆ ಬೇಕಾಗುವ ಕೇಬಲ್ ಮೂಲಕವೇ ಒದಗುವ 48 ವೋಲ್ಟ್ ವಿದ್ಯುತ್ ಅಂದರೆ ಫ್ಯಾಂಟಮ್ ಪವರ್ (ಲ್ಯಾಪ್‌ಟಾಪ್‌ನ ಸಣ್ಣ ಮೈಕ್ ಜ್ಯಾಕ್ ಇದನ್ನು ಕೊಡಲಾರದು), ವಿಂಡೋಸ್ ಬಳಸುವವರಾದರೆ ತಯಾರಕರದೇ ಆಸಿಯೊ ಡ್ರೈವರ್ (ರೆಕಾರ್ಡಿಂಗ್‌ನಲ್ಲಿ ಧ್ವನಿಯ ತಡವನ್ನು ಕಡಿಮೆ ಮಾಡುವ ತಂತ್ರಾಂಶ) ಮತ್ತು ಹಾಡುತ್ತಿರುವಾಗಲೇ ತಮ್ಮ ದನಿಯನ್ನು ತಡವಿಲ್ಲದೆ ಕೇಳಿಸುವ ಡೈರೆಕ್ಟ್ ಮಾನಿಟರಿಂಗ್ ಇವೆಯೇ ಎಂದು ನೋಡಬೇಕು. ಇಂಥ ಯುಎಸ್‌ಬಿ ಇಂಟರ್‌ಫೇಸ್ (ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಸೌಂಡ್ ಕಾರ್ಡ್) ಈಗಾಗಲೇ ಇರುವವರು ಈ ಸಂದೇಶವನ್ನು ನಂಬಿ ಹೊಸದನ್ನು ಕೊಳ್ಳಬೇಕಿಲ್ಲ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.